ಪೈಲಟ್ ಲೈಸೆನ್ಸ್ ಪಡೆದ ಮೊದಲ ಮಹಿಳೆ ಯಾರು? ಆ ಕಾಲದ ಬೇರೆ ಮಹಿಳಾ ಪೈಲಟ್‌ಗಳು ಯಾರಿದ್ದರು?

ಮೊದಲಿಗರು ಫ್ರಾನ್ಸಿನ ರೇಮಂಡ್ ಡಿ ಲಾರೋಶ್. ಅವರಿಗೆ ಲೈಸೆನ್ಸ್ ಸಿಕ್ಕಿದ್ದು 1910ರ ಮಾರ್ಚ್ 8ರಂದು. ಮರುವರ್ಷ ಅಮೆರಿಕದಲ್ಲಿ ಹ್ಯಾರಿಯೆಟ್ ಕ್ವಿಂಬಿ ಪಡೆದರು. 1912ರ ಏಪ್ರಿಲ್ 16ರಂದು ಅವರು ಒಬ್ಬರೇ ವಿಮಾನ ಹಾರಿಸಿ, ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ ಇಂಗ್ಲಿಷ್ ಕಡಲ್ಗಾಲುವೆ ದಾಟಿದರು. ಹಿಂದಿನ ದಿನವಷ್ಟೇ ಟೈಟಾನಿಕ್ ಮುಳುಗಿತ್ತು, ಹಾಗಾಗಿ ಪತ್ರಿಕೆಗಳಲ್ಲಿ ಈ ಸಾಧನೆಗೆ ಹೆಚ್ಚು ಜಾಗ ಸಿಗಲಿಲ್ಲ.

ನನ್ನ ಪ್ರಕಾರ ಎಲ್ಲರಿಗಿಂತ ಕಠಿಣ ಹಾದಿ ಬೆಸ್ಸಿ ಕೋಲ್ಮನ್ ಅವರದು. ಕಪ್ಪು ವರ್ಣದವರು, ಅದರ ಮೇಲೆ ಹೆಣ್ಣು ಎಂದು ಅಮೆರಿಕದ ವಿಮಾನ ಶಾಲೆಗಳು ಅವರನ್ನು ಸೇರಿಸಿಕೊಳ್ಳಲಿಲ್ಲ. ಷಿಕಾಗೊದಲ್ಲಿ ದುಡಿಯುತ್ತಲೇ ಫ್ರೆಂಚ್ ಕಲಿತು, ಫ್ರಾನ್ಸಿಗೇ ಹೋಗಿ, 1921ರ ಜೂನ್ 15ರಂದು ಲೈಸೆನ್ಸ್ ಪಡೆದೇ ಬಿಟ್ಟರು! ಕಪ್ಪು ವರ್ಣೀಯರಿಗಾಗಿ ವಿಮಾನ ಶಾಲೆ ತೆರೆಯಬೇಕೆಂಬುದು ಅವರ ಹಂಬಲವಾಗಿತ್ತು. ಅದು ಕೈಗೂಡುವ ಮುನ್ನವೇ, 1926ರಲ್ಲಿ, ಹಾರಾಟದ ನಡುವೆ ವಿಮಾನದಿಂದ ಬಿದ್ದು ತೀರಿಕೊಂಡರು. ಆಗ ಅವರಿಗೆ 34 ವರ್ಷ.