ಗೇರು ಮರದ ಚಗಳಿಗೆ ಪೌಡರ್ ಹೊಡೆಯುವ ಮುನ್ನ

ಅಕ್ಕಾ, ನಿಮ್ಮ ಪ್ರಶ್ನೆ ನೋಡಿದೆ. ಗೋವಾದ ಕಾಣಕೋಣದಲ್ಲಿ ಕಾಡಂಚಿನ ಗೇರು ತೋಟ, ಮಳೆ ಮುಗಿದು ಈಗ ಚಿಗುರು ಬರುತ್ತಿದೆ. ಮರ ತುಂಬ ಎಲೆ ಕೂಡಿಸಿ ಕಟ್ಟಿದ ಕೆಂಪಿರುವೆ, ಅಂದರೆ ಚಗಳಿಯ ಗೂಡುಗಳು. ಒಣಗಿದ ಕೊಂಬೆ ಸವರಲು ಹತ್ತಿದ ಆಳುಗಳು ಕಚ್ಚಿಸಿಕೊಂಡು ಇಳಿದು ಬಂದಿದ್ದಾರೆ. ಕೀಟನಾಶಕದ ಪೌಡರ್ ಹೊಡೆದು ಒಂದೇ ಸಲ ಮುಗಿಸಲೇ ಎಂದು ಕೇಳಿದ್ದೀರಿ, ಕೆಳಗೆ ಇಬ್ಬರು ಔಷಧಿಯ ಹೆಸರನ್ನೂ ಬರೆದಿದ್ದಾರೆ. ದಯವಿಟ್ಟು ಸದ್ಯಕ್ಕೆ ಏನೂ ಹೊಡೆಯಬೇಡಿ. ನಾನು ಸತ್ತರಿ ಕಡೆ ಗೇರು, ಮಾವು ಎರಡನ್ನೂ ನೋಡಿಕೊಳ್ಳುವವನು. ಗೇರಿನ ಮರದಲ್ಲಿ ಈ ಇರುವೆಯನ್ನು ಉಳಿಸಿಕೊಳ್ಳಬೇಕು, ಮಾವಿನಲ್ಲಿ ಮಾತ್ರ ಹದ್ದುಬಸ್ತಿನಲ್ಲಿ ಇಡಬೇಕು ಎನ್ನುವುದು ನನ್ನ ಅನುಭವದ ಮಾತು. ಕಾರಣ ಹೇಳುತ್ತೇನೆ.

ನೀವು ಹಾಕಿದ ಫೋಟೊದಲ್ಲಿರುವುದು ನಮ್ಮ ಮಲೆನಾಡಿನವರು ಚಟ್ನಿ ಮಾಡುವ ಚಗಳಿಯೇ, ನೆಲದಲ್ಲಿ ಗೂಡು ಮಾಡುವ ಸಣ್ಣ ಕೆಂಪಿರುವೆಯಲ್ಲ. ಎಲೆಗಳನ್ನು ಅಂಟಿಸಿರುವ ಆ ಬಿಳಿ ನೂಲನ್ನು ನೋಡಿ. ದೊಡ್ಡ ಇರುವೆಗಳಿಗೆ ನೂಲು ತೆಗೆಯಲು ಬರುವುದಿಲ್ಲ. ಕೆಲವು ಇರುವೆಗಳು ಒಂದರ ಸೊಂಟ ಒಂದು ಹಿಡಿದು ಸರಪಳಿಯಾಗಿ ಎರಡು ಎಲೆಗಳ ಅಂಚನ್ನು ಎಳೆದು ಹತ್ತಿರ ತರುತ್ತವೆ. ಉಳಿದವು ತಮ್ಮದೇ ಮರಿಹುಳುಗಳನ್ನು ಬಾಯಲ್ಲಿ ಕಚ್ಚಿಕೊಂಡು ಈ ಅಂಚಿನಿಂದ ಆ ಅಂಚಿಗೆ ತಾಗಿಸುತ್ತ ಓಡಾಡುತ್ತವೆ. ನೂಲು ಬರುವುದು ಆ ಮರಿಹುಳುವಿನ ಬಾಯಿಂದ. ಒಂದೇ ಕುಟುಂಬದ ಗೂಡುಗಳು ಹಲವು ಮರಗಳ ಮೇಲೆ ಹರಡಿರುತ್ತವೆ, ಆದರೆ ರಾಣಿ ಇರುವುದು ಅವುಗಳಲ್ಲಿ ಒಂದರಲ್ಲಿ ಮಾತ್ರ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ನಾಳೆ ಬೆಳಿಗ್ಗೆ ಒಂದು ಎಳೆಯ ಚಿಗುರನ್ನು ಬಗ್ಗಿಸಿ ಎಲೆಯ ಅಡಿಭಾಗ ನೋಡಿ. ನರಗಳ ಹತ್ತಿರ ಚುಕ್ಕೆಯಂಥ ಗ್ರಂಥಿಗಳಿರುತ್ತವೆ, ಅವುಗಳಿಂದ ಸಿಹಿ ರಸ ಜಿನುಗುತ್ತದೆ. ಇಂಥ ಗ್ರಂಥಿಗಳು ಗೇರಿನ ಹೂಗೊಂಚಲಲ್ಲೂ ಬೆಳೆಯುತ್ತಿರುವ ಎಳೆ ಬೀಜದ ಮೇಲೂ ಇವೆ. ಇದು ಹೂವಿನ ಮಕರಂದವಲ್ಲ, ಪರಾಗಸ್ಪರ್ಶಕ್ಕೂ ಇದಕ್ಕೂ ಸಂಬಂಧವಿಲ್ಲ. ಇರುವೆಯನ್ನು ಕರೆದು ಕೂರಿಸಿಕೊಳ್ಳಲು ಮರ ಕೊಡುವ ಕೂಲಿ ಇದು. ಚಿಗುರು ಎಳೆಯದಿರುವಾಗ ಎಲೆಯಲ್ಲಿ, ಹೂ ಬಂದಾಗ ಗೊಂಚಲಲ್ಲಿ, ಬೀಜ ಕಟ್ಟಿದಾಗ ಬೀಜದಲ್ಲಿ, ಅಂದರೆ ಮರದ ಯಾವ ಭಾಗ ಮೆತ್ತಗಿದೆಯೋ ಅಲ್ಲಿಗೇ ಕಾವಲು ಬರುತ್ತದೆ. ಇನ್ನೊಂದು ವಿಷಯ ನನ್ನನ್ನು ಈಗಲೂ ಬೆರಗುಗೊಳಿಸುತ್ತದೆ. ಗೇರು ಬ್ರೆಜಿಲ್ ಕಡೆಯ ಮರ, 16ನೇ ಶತಮಾನದಲ್ಲಿ ಪೋರ್ಚುಗೀಸರ ಜತೆ ಗೋವಾಕ್ಕೆ ಬಂತು. ಅಮೆರಿಕ ಖಂಡದಲ್ಲಿ ಚಗಳಿಯೇ ಇಲ್ಲ. ಅಲ್ಲಿನ ಯಾವುದೋ ಇರುವೆಗೆಂದು ಕಲಿತ ವಿದ್ಯೆಯನ್ನು ಮರ ಇಲ್ಲಿ ನಮ್ಮ ಚಗಳಿಯ ಮೇಲೆ ನಡೆಸಿದೆ, ಚಗಳಿಯೂ ಒಪ್ಪಿಕೊಂಡಿದೆ.

ಈಗ ಮುಖ್ಯ ಶತ್ರು. ಗೇರಿನ ಚಿಗುರನ್ನು ಒಣಗಿಸುವ ಟೀ ಸೊಳ್ಳೆ ನಿಜವಾಗಿ ಸೊಳ್ಳೆಯಲ್ಲ, ರಸ ಹೀರುವ ತಿಗಣೆ ಜಾತಿಯದು. ಕೆಂಗಂದು ಮೈ, ಕಪ್ಪು ತಲೆ, ಉದ್ದ ಕಾಲು, ಬೆನ್ನ ಮೇಲೆ ಗುಂಡುಸೂಜಿ ನೆಟ್ಟಂತೆ ಒಂದು ಮುಳ್ಳು. ಬೆಳಿಗ್ಗೆ ಬೇಗ ಮತ್ತು ಸಂಜೆ ಕಾಣಿಸುತ್ತದೆ, ನಡುಮಧ್ಯಾಹ್ನ ಅಡಗಿಬಿಡುತ್ತದೆ. ಅದು ಚುಚ್ಚಿದ ಜಾಗದಲ್ಲಿ ಮೊದಲು ನೀರು ಹಿಡಿದಂಥ ಉದ್ದನೆಯ ಕಲೆ, ಆಮೇಲೆ ಅದು ಕಂದು, ಕಪ್ಪು. ಕಲೆಗಳು ಕೂಡಿಕೊಂಡರೆ ಚಿಗುರು ತುದಿಯಿಂದ ಒಣಗುತ್ತ ಬರುತ್ತದೆ. ಡಿಸೆಂಬರ್, ಜನವರಿಯಲ್ಲಿ ಗೊಂಚಲಿಗೇ ತಗುಲಿದರೆ ಇಡೀ ಗೊಂಚಲು ಸುಟ್ಟಂತಾಗುತ್ತದೆ. ಮೊಟ್ಟೆಯನ್ನು ಎಳೆ ತೊಟ್ಟಿನ ಒಳಗೇ ಚುಚ್ಚಿ ಇಡುವುದರಿಂದ ಮೇಲಿಂದ ಹೊಡೆದ ಔಷಧಿ ಅದಕ್ಕೆ ತಟ್ಟುವುದು ಕಷ್ಟ. ಅದರ ಮರಿಗಳಿಗೆ ರೆಕ್ಕೆ ಇರುವುದಿಲ್ಲ, ಚಗಳಿಯ ಕೈಗೆ ಸಿಕ್ಕರೆ ಮುಗಿಯಿತು. ರೆಕ್ಕೆ ಬಂದದ್ದು ಹಾರಿ ತಪ್ಪಿಸಿಕೊಂಡರೂ ಇರುವೆ ಓಡಾಡುವ ಚಿಗುರಿನ ಮೇಲೆ ನೆಮ್ಮದಿಯಾಗಿ ಕೂತು ಹೀರಲಾರದು.

ಇದು ಬರೀ ನನ್ನ ತೋಟದ ಕಥೆಯಲ್ಲ. ಆಸ್ಟ್ರೇಲಿಯಾದ ಉತ್ತರ ಭಾಗದ ಗೇರು ತೋಟಗಳಲ್ಲಿ ರೆಂಗ್‌ಕಾಂಗ್ ಪೆಂಗ್ ಮತ್ತು ಕೀತ್ ಕ್ರಿಶ್ಚಿಯನ್ ಎಂಬ ವಿಜ್ಞಾನಿಗಳು ಇದೇ ಚಗಳಿಯನ್ನು ಬಳಸಿ ಟೀ ಸೊಳ್ಳೆಯ ಬಳಗದ ಕೀಟವನ್ನು ಹತೋಟಿಗೆ ತರುವ ಕ್ರಮವನ್ನೇ ರೂಪಿಸಿದರು. ಚೀನಾದಲ್ಲಿ ಕಿತ್ತಳೆ ಜಾತಿಯ ಮರಗಳಿಗೆ ಕಟ್ಟಲು ಚಗಳಿ ಗೂಡುಗಳನ್ನು ಚೀಲದಲ್ಲಿ ಮಾರುತ್ತಿದ್ದರೆಂಬ ಬರಹ ಕ್ರಿ.ಶ. 304ರದು ಎನ್ನುತ್ತಾರೆ.

ಔಷಧಿ ಎಂದರೆ ನನಗೆ ಅಷ್ಟು ಅಳುಕು ಯಾಕೆ ಎಂದರೆ, ಕಾಸರಗೋಡಿನ ಗೇರು ತೋಪುಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದು ಇದೇ ಟೀ ಸೊಳ್ಳೆಗಾಗಿ. ನಮ್ಮ ದಕ್ಷಿಣ ಕನ್ನಡದ ಬೆಳ್ತಂಗಡಿ, ಪುತ್ತೂರು ಕಡೆಯೂ ಸುರಿದರು. ಅಲ್ಲಿನ ಮಕ್ಕಳ ಸ್ಥಿತಿ ಕನ್ನಡಿಗರಿಗೆ ನಾನು ಹೇಳಬೇಕಾಗಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಷೇಧಿಸಿತು. ಈಗ ಸಿಗುವ ಔಷಧಿಗಳು ಬೇರೆ, ನಿಜ. ಆದರೆ ಅವೂ ಟೀ ಸೊಳ್ಳೆಯ ಜತೆಗೆ ಚಗಳಿಯನ್ನು, ಹೂ ಬಿಟ್ಟಾಗ ಹೊಡೆದರೆ ಜೇನನ್ನೂ ಕೊಲ್ಲುತ್ತವೆ. ಕಾವಲಿನವರನ್ನು ಕೊಂದ ಮೇಲೆ ಮುಂದಿನ ಚಿಗುರಿಗೂ ನೀವೇ ಹೊಡೆಯುತ್ತಿರಬೇಕು.

ಇಷ್ಟೆಂದ ಮಾತ್ರಕ್ಕೆ ಚಗಳಿಯಿಂದ ತೊಂದರೆಯೇ ಇಲ್ಲ ಎನ್ನುವುದಿಲ್ಲ. ರಸ ಹೀರುವ ಹಿಟ್ಟು ತಿಗಣೆ, ಶಲ್ಕ ಕೀಟಗಳನ್ನು ಅವು ಹಸು ಸಾಕಿದ ಹಾಗೆ ಸಾಕುತ್ತವೆ. ಅವುಗಳ ಸಿಹಿ ವಿಸರ್ಜನೆ ಕುಡಿಯುತ್ತವೆ, ಅವುಗಳನ್ನು ತಿನ್ನಲು ಬಂದ ಗುಲಗಂಜಿ ಹುಳುಗಳನ್ನು ಓಡಿಸುತ್ತವೆ. ಮಾವಿನಲ್ಲಿ ಇದು ಅತಿಯಾದರೆ ಆ ಸಿಹಿಯ ಮೇಲೆ ಬೂಷ್ಟು ಬೆಳೆದು ಎಲೆ, ಕಾಯಿ ಎಲ್ಲ ಮಸಿ ಹಿಡಿದಂತೆ ಕಪ್ಪಾಗುತ್ತದೆ. ಅಂಥ ರೆಂಬೆಗಳನ್ನು ಗೂಡಿನ ಸಮೇತ ಕತ್ತರಿಸಿ, ಉಳಿದ ಕಡೆ ಬೇವಿನೆಣ್ಣೆ ಸಾಬೂನು ನೀರನ್ನು ತಿಗಣೆ ಇರುವ ಜಾಗಕ್ಕಷ್ಟೇ ಬಿಡಿ. ಗೇರಿನಲ್ಲಿ ಮಸಿ ಕಂಡರೆ ಇದೇ ಉಪಾಯ. ಜೇನಿನ ವಿಷಯ: ಇರುವೆ ಕೂತ ಹೂವನ್ನು ಜೇನು ಬಿಟ್ಟು ಪಕ್ಕದ ಹೂವಿಗೆ ಹೋಗುವುದುಂಟು. ಗೇರಿಗೆ ಹೂ ಹೇರಳ, ಟೀ ಸೊಳ್ಳೆಯಿಂದ ಗೊಂಚಲೇ ಹೋಗುವುದಕ್ಕಿಂತ ಇದು ವಾಸಿ ಎಂದು ನನ್ನ ಲೆಕ್ಕ. ಕಾಂಡ ಕೊರಕಕ್ಕೆ ಮಾತ್ರ ಚಗಳಿಯನ್ನು ನಂಬಬೇಡಿ. ಬುಡದ ತೊಗಟೆಯಲ್ಲಿ ಗೋಂದು, ಮರದ ಹುಡಿ ಕಂಡರೆ ಕೂಡಲೇ ಕೆತ್ತಿ ಹುಳ ತೆಗೆಯಿರಿ.

ಕೆಲಸದವರ ಸಮಸ್ಯೆಗೆ ಬರೋಣ. ಸವರುವ ಕೆಲಸವನ್ನು ಬೆಳಗಿನ ತಂಪಿನಲ್ಲಿ ಇಟ್ಟುಕೊಳ್ಳಿ, ಆಗ ಚಗಳಿ ಮಂದವಾಗಿರುತ್ತದೆ. ಹತ್ತುವ ಮುಂಚೆ ಪಂಪಿನಿಂದ ಬರೀ ನೀರನ್ನು ಕೊಂಬೆಗಳಿಗೆ ಮಳೆಯಂತೆ ಬಿಟ್ಟರೆ ಬಹಳಷ್ಟು ಇರುವೆ ಗೂಡು ಸೇರುತ್ತವೆ. ಕೈಕಾಲಿಗೆ ಒಲೆಯ ಬೂದಿ ಚೆನ್ನಾಗಿ ಸವರಿಕೊಳ್ಳಲಿ, ಅದರ ಮೇಲೆ ಇರುವೆಗೆ ಹಿಡಿತ ಸಿಗುವುದಿಲ್ಲ. ಆದಷ್ಟು ಉದ್ದ ದೋಟಿಗೆ ಕತ್ತಿ ಕಟ್ಟಿ ನೆಲದಿಂದಲೇ ಸವರಿ. ಹಣ್ಣಿನ ಕಾಲದಲ್ಲಿ ಚಿಂತೆ ಇನ್ನೂ ಕಡಿಮೆ. ಗೋವಾದಲ್ಲಿ ಗೇರು ಹಣ್ಣಿನ ಮದ್ಯವಾದ ಫೆನಿಗೆ ಬೇಕಾದದ್ದು ಮಾಗಿ ತಾನಾಗಿ ಬಿದ್ದ ಹಣ್ಣು, ತುದಿಗೆ ಮೊಳೆ ಹೊಡೆದ ಕೋಲಿನಿಂದ ನೆಲದಲ್ಲೇ ಹೆಕ್ಕುತ್ತಾರೆ. ಬುಡ ಸವರಿ ಚೊಕ್ಕ ಮಾಡಿಟ್ಟರೆ ಹೆಕ್ಕಲು ಹೆಂಗಸರು ಬರುತ್ತಾರೆ.

ತೋಟದ ಎಲ್ಲ ಮರಕ್ಕೂ ಚಗಳಿ ಸಿಗಬೇಕೆಂದಿದ್ದರೆ ಮೊದಲು ಯಾವ ಮರ ಯಾವ ಕುಟುಂಬದ್ದು ಎಂದು ತಿಳಿಯಬೇಕು. ಒಂದು ಮರದ ಕೆಲವು ಇರುವೆಗಳನ್ನು ಕಡ್ಡಿಯ ಮೇಲೆ ಹತ್ತಿಸಿ ಪಕ್ಕದ ಮರಕ್ಕೆ ಬಿಡಿ. ಮೀಸೆ ತಾಗಿಸಿ ಸುಮ್ಮನೆ ಹೋದರೆ ಒಂದೇ ಮನೆಯವು. ಕಾಲು ಹಿಡಿದು ಎಳೆದಾಡಿದರೆ ಬೇರೆ. ಒಂದೇ ಕುಟುಂಬದ ಮರಗಳ ನಡುವೆ ಹಗ್ಗ ಕಟ್ಟಿ, ಅವು ನೆಲಕ್ಕಿಳಿಯದೆ ಓಡಾಡುತ್ತವೆ. ಬೇರೆ ಕುಟುಂಬಗಳ ನಡುವೆ ತಾಗುವ ಕೊಂಬೆಗಳನ್ನು ಕತ್ತರಿಸಿಬಿಡಿ, ಇಲ್ಲವಾದರೆ ಯುದ್ಧದಲ್ಲೇ ಎರಡೂ ಸೊರಗುತ್ತವೆ. ಇರುವೆ ಇಲ್ಲದ ಮರಕ್ಕೆ ಗೂಡು ಕತ್ತರಿಸಿ ತಂದು ಕಟ್ಟುವವರು ಒಂದೆರಡು ಗೂಡು ತಂದು ಸುಮ್ಮನಾಗುತ್ತಾರೆ. ರಾಣಿ ಬರದಿದ್ದರೆ ಆ ಗೂಡು ಹೆಚ್ಚು ದಿನ ಬಾಳುವುದಿಲ್ಲ. ಮೀನು ಶುಚಿ ಮಾಡಿದ ಕರುಳು, ತಲೆಗಳನ್ನು ಕೊಂಬೆಗೆ ತೂಗುಹಾಕಿದರೆ ಹೊಸ ಮರದಲ್ಲಿ ಬೇಗ ನೆಲೆಯೂರುತ್ತವೆ. ವಿಯೆಟ್ನಾಂ ರೈತರೂ ಹೀಗೇ ಮಾಡುತ್ತಾರೆ.

ಬೇಲಿಯಾಚೆಯ ಮತ್ತಿ ಮರಗಳನ್ನು ಕಡಿಸುವ ಯೋಚನೆಯನ್ನೂ ಬರೆದಿದ್ದೀರಿ. ಬೇಡ ಅಕ್ಕಾ. ಖೋತಿಗಾಂವ್ ಕಾಡಿನ ಕಡೆಯಿಂದ ನಿಮ್ಮ ತೋಟಕ್ಕೆ ಚಗಳಿ ಬರುವುದು ಅಂಥ ಮರಗಳಿಂದಲೇ. ಮತ್ತಿ ಎಲೆ ತಿನ್ನುವ ಒಂದು ನೀಲಿ ಚಿಟ್ಟೆಯ ಹುಳುವನ್ನು ಚಗಳಿಗಳು ಸುತ್ತುವರಿದು ಕಾಯುತ್ತವೆ, ಹುಳು ಅವಕ್ಕೆ ಸಿಹಿ ಹನಿ ಕೊಡುತ್ತದೆ. ಅದಕ್ಕೆ ವಿರುದ್ಧವಾದ ಇನ್ನೊಂದು ಚಿಟ್ಟೆ ಪಶ್ಚಿಮ ಘಟ್ಟದಲ್ಲಿ ಅಪರೂಪಕ್ಕೆ ಸಿಗುತ್ತದೆ. ಅದರ ಹುಳು ಗುರಾಣಿಯಂಥ ಗಟ್ಟಿ ಮೈ ಹೊತ್ತು ಚಗಳಿ ಗೂಡಿನೊಳಗೇ ಕೂತು ಅವುಗಳ ಮರಿಗಳನ್ನು ತಿನ್ನುತ್ತದೆ. ಚಿಟ್ಟೆಯಾಗಿ ಹೊರಬರುವಾಗ ಮೈಮೇಲಿನ ಸಡಿಲ ಹುಡಿ ಇರುವೆಗಳ ಬಾಯಿಗೆ, ಕಾಲಿಗೆ ಅಂಟಿಕೊಂಡು ಅವು ತಡವರಿಸುವಷ್ಟರಲ್ಲಿ ಪಾರಾಗುತ್ತದೆ. ಗೂಡಿನ ಸುತ್ತ ಚಗಳಿಯದೇ ಬಣ್ಣ, ಆಕಾರದ ಒಂದು ಜೇಡವೂ ಇರುತ್ತದೆ. ಎಂಟು ಕಾಲು ಎಣಿಸಿದರೆ ಮಾತ್ರ ಗೊತ್ತಾಗುತ್ತದೆ. ಮಕ್ಕಳಿಗೆ ತೋರಿಸಿ.

ನಿಮ್ಮ ಪ್ರಶ್ನೆಯ ಕೆಳಗೆ ಮಡಗಾಂವಿನ ಅಣ್ಣ, ಹಣ್ಣು ತಿನ್ನುವ ಬಾವಲಿಗೆ ಬಲೆ ಕಟ್ಟಿ ಎಂದಿದ್ದಾರೆ. ಬಲೆಗೆ ಗೂಬೆಗಳೂ ಬಿದ್ದು ಸಾಯುತ್ತವೆ, ಅವು ಹೋದರೆ ಇಲಿ ಹೆಚ್ಚುತ್ತದೆ. ಬಾವಲಿ ಹಣ್ಣನ್ನು ಹಿಂಡಿ ರಸ ಕುಡಿದು ಬೀಜವನ್ನು ಹಾಗೇ ಬೀಳಿಸುತ್ತದೆ. ಅದು ದಿನಾ ಕೂತು ತಿನ್ನುವ ಮರ ಯಾವುದೆಂದು ಗುರುತು ಮಾಡಿ ಬುಡದಲ್ಲಿ ಹೆಕ್ಕಿದರೆ ಬೀಜ ವಾಪಸು ಸಿಗುತ್ತದೆ.

ಇಷ್ಟರ ಮೇಲೂ ಟೀ ಸೊಳ್ಳೆಯ ಕಲೆಗಳು ಹೆಚ್ಚುತ್ತ ಹೋದರೆ, ಚಗಳಿ ಇಲ್ಲದ ಮರಗಳಿಗೆ ಮಾತ್ರ ಏನು ಹೊಡೆಯಬಹುದೆಂದು ನಿಮ್ಮ ವಲಯ ಕೃಷಿ ಕಚೇರಿಯಲ್ಲೋ ಹಳೆ ಗೋವಾದ ಏಲಾದಲ್ಲಿರುವ ಕರಾವಳಿ ಕೃಷಿ ಸಂಶೋಧನಾ ಸಂಸ್ಥೆಯಲ್ಲೋ ಕೇಳಿ. ಅದಕ್ಕೂ ಮೊದಲು ಚಗಳಿ ಇರುವ ಮರದ್ದೊಂದು, ಇಲ್ಲದ ಮರದ್ದೊಂದು ಚಿಗುರಿನ ಫೋಟೊ ಇಲ್ಲಿ ಹಾಕಿ, ತೊಟ್ಟು ಮತ್ತು ಎಲೆಯ ಅಡಿಭಾಗ ಕಾಣುವ ಹಾಗೆ.