ಉದ್ಯೋಗ ಅಂಕಣ: ಇವರಿಗೆ ಕೋಚಿಂಗ್ ಬೇಕೇ?

ಪ್ರಶ್ನೆ: ನಾನು ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ಪ್ರೊಡಕ್ಷನ್ ಮ್ಯಾನೇಜರ್. 12 ವರ್ಷ ಲೋಹ ಕಡೆಯುವ ಲೇತ್‌ನಲ್ಲಿ ಪಳಗಿದ ಒಬ್ಬರಿಗೆ ಎಂಟು ತಿಂಗಳ ಹಿಂದೆ ಶಿಫ್ಟ್ ಸೂಪರ್‌ವೈಸರ್ ಆಗಿ ಬಡ್ತಿ ಕೊಟ್ಟೆವು. ಈಗ ಅವರ ಶಿಫ್ಟಿನಲ್ಲಿ ರಿಜೆಕ್ಷನ್ (ಸರಿಯಿಲ್ಲವೆಂದು ತಿರಸ್ಕರಿಸುವ ಭಾಗಗಳು) ಹೆಚ್ಚಿದೆ, ಹುಡುಗರು ಬೇರೆ ಶಿಫ್ಟ್ ಕೇಳುತ್ತಿದ್ದಾರೆ. ಹೊರಗಿನ ಕೋಚ್ ಒಬ್ಬರನ್ನು ಗೊತ್ತುಮಾಡಲು ಆಡಳಿತ ಒಪ್ಪಿದೆ. ಅದರಿಂದ ಪ್ರಯೋಜನವಾದೀತೇ ಎಂದು ಮೊದಲೇ ತಿಳಿಯುವುದು ಹೇಗೆ?

ಉತ್ತರ: ಕೋಚಿಂಗ್ ಎಂದೊಡನೆ ನಮ್ಮಲ್ಲಿ ಸಿಇಟಿ ತರಗತಿ ನೆನಪಾಗುತ್ತದೆ. ಆದರೆ ಇಲ್ಲಿ ಕೋಚ್ ಪಾಠ ಹೇಳುವುದಿಲ್ಲ. ಕೇಳಬೇಕಾದ ಪ್ರಶ್ನೆಗಳನ್ನು ಕೇಳುತ್ತಾ, ಉದ್ಯೋಗಿ ತನ್ನ ತೊಡಕನ್ನು ತಾನೇ ಕಂಡು ಬಿಡಿಸಿಕೊಳ್ಳಲು ನೆರವಾಗುತ್ತಾರೆ. ಪ್ರಾಣದ ಮೇಲೆ ಬಂದರೆ ಈ ವ್ಯಕ್ತಿ ಈ ಕೆಲಸ ಮಾಡಬಲ್ಲರೇ ಎಂಬುದು ಅಮೆರಿಕದ ತರಬೇತಿ ತಜ್ಞರಾದ ರಾಬರ್ಟ್ ಮೇಗರ್ ಮತ್ತು ಪೀಟರ್ ಪೈಪ್ 1970ರಲ್ಲಿ ಮುಂದಿಟ್ಟ ಪರೀಕ್ಷೆ. ಆಗಲೂ ಮಾಡಲಾರರು ಎಂದಾದರೆ, ಉದಾಹರಣೆಗೆ ಶಿಫ್ಟ್ ವರದಿ ಬರೆಯುವುದನ್ನು ಯಾರೂ ಹೇಳಿಕೊಟ್ಟೇ ಇಲ್ಲದಿದ್ದರೆ, ಅವರಿಗೆ ಬೇಕಿರುವುದು ತರಬೇತಿ. ಸವೆದ ಟೂಲ್, ಸಾಲದ ಆಳುಗಳು ಕಾರಣವಾಗಿದ್ದರೆ ಸರಿಪಡಿಸಬೇಕಾದವರು ನೀವು.

ಮಾಡಬಲ್ಲರು, ಬೇರೆ ಅಡ್ಡಿಯೂ ಇಲ್ಲ ಎಂದಾದರೆ ತೊಡಕು ಅವರ ಅಭ್ಯಾಸದಲ್ಲಿರಬಹುದು. ಅದನ್ನು ತಿಳಿಯಲು ದಯವಿಟ್ಟು ಎರಡು ಶಿಫ್ಟ್ ಅವರ ಜೊತೆಗೇ ನಿಂತು ನೋಡಿ. ಹುಡುಗನೊಬ್ಬ ಜಾಬ್ (ಕಡೆಯಬೇಕಾದ ತುಂಡು) ಯಂತ್ರಕ್ಕೆ ಕಟ್ಟಲು ತಡವರಿಸಿದೊಡನೆ ಅವನನ್ನು ಪಕ್ಕಕ್ಕೆ ಸರಿಸಿ, ಅದನ್ನು ಬಿಗಿಯುವ ಚಕ್ ಕೀ ತಾವೇ ತಿರುಗಿಸುತ್ತಾರೆಯೇ? ಅಷ್ಟು ಹೊತ್ತು ಉಳಿದ ಯಂತ್ರಗಳ ಮೇಲೆ ಯಾರ ಕಣ್ಣೂ ಇರುವುದಿಲ್ಲ, ಆ ಹುಡುಗನೂ ಕಲಿಯುವುದಿಲ್ಲ. ಕೈ ಚೆನ್ನಾಗಿ ಪಳಗಿದವರಲ್ಲೇ ಹೆಚ್ಚಾಗಿ ಕಾಣುವ ಈ ಅಭ್ಯಾಸಕ್ಕೆ ಕೋಚಿಂಗ್ ನಿಜವಾಗಿಯೂ ಫಲ ಕೊಡುತ್ತದೆ ಎಂಬುದು ನನ್ನ ನಂಬಿಕೆ.

ಆದರೆ ಈ ಎಂಟು ತಿಂಗಳಲ್ಲಿ ನೀವು ಅವರಿಗೆ ಇದನ್ನು ನೇರವಾಗಿ ಹೇಳಿದ್ದೀರಾ? ನಿಮ್ಮ ಪತ್ರದಲ್ಲಿ ಆ ಮಾತಿಲ್ಲ. ಹೇಳದೆಯೇ ಕಳುಹಿಸಿದರೆ ಅವರು ಅದನ್ನು ಶಿಕ್ಷೆ ಎಂದೇ ತಿಳಿಯುತ್ತಾರೆ. ಕಂಡದ್ದನ್ನು ಒಂದೇ ಒಂದು ಉದಾಹರಣೆಯೊಂದಿಗೆ ತಿಳಿಸಿ, ಎರಡು ವಾರ ಬಿಟ್ಟು ಮತ್ತೆ ಮಾತನಾಡಿ. "ಪ್ರಯತ್ನಪಟ್ಟೆ ಸಾರ್, ಕೈ ತಡೆಯುವುದಿಲ್ಲ" ಎಂದರೆ ಅವರು ಕೋಚಿಂಗ್‌ಗೆ ಸಿದ್ಧರಿದ್ದಾರೆ. ಎಲ್ಲವೂ ಹುಡುಗರದೇ ತಪ್ಪು ಎಂದರೆ ಸದ್ಯಕ್ಕೆ ಹಣ ವ್ಯರ್ಥ. ನಿದ್ದೆಯಿಲ್ಲ, ಮನಸ್ಸು ಕುಗ್ಗಿದೆ ಎಂದರೆ ಅದು ಕೋಚ್‌ನ ಕೆಲಸವೇ ಅಲ್ಲ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತವಾಗಿದೆ.

ಕಳುಹಿಸುವುದಾದರೆ, ಕೋಚ್ ಬಳಿ ಆಡಿದ ಮಾತು ನಿಮ್ಮ ಕಿವಿಗೆ ಬರುವುದಿಲ್ಲ ಎಂಬ ಭರವಸೆಯನ್ನು ಮೊದಲೇ ಕೊಡಿ. ಅಲ್ಲಿ ಕುಳಿತು ಯೋಚಿಸಿದ ಮೇಲೆ ಅವರು ಲೇತ್‌ಗೇ ಮರಳುತ್ತೇನೆ ಎನ್ನಬಹುದು. ಸಂಬಳಕ್ಕೂ ಗೌರವಕ್ಕೂ ಕುಂದಾಗದಂತೆ ಆ ದಾರಿಯನ್ನೂ ಆಡಳಿತದೊಂದಿಗೆ ಈಗಲೇ ಮಾತಾಡಿಟ್ಟುಕೊಳ್ಳಿ.