ಐಸಿಯುನಿಂದ ಬಂದ ಮೇಲೆ ಅಮ್ಮನಿಗೆ ಎದ್ದು ನಿಲ್ಲಲು ಆಗುತ್ತಿಲ್ಲ, ರಿಪೋರ್ಟ್ ಎಲ್ಲ ನಾರ್ಮಲ್. ಎಂಆರ್‌ಐ ಮಾಡಿಸಲೇ, ಹಾವೇರಿಯಿಂದ ಬೆಂಗಳೂರಿಗೆ ಕರೆದೊಯ್ಯಲೇ?

ಸದ್ಯಕ್ಕೆ ಎರಡೂ ಬೇಡ. "ರಿಪೋರ್ಟ್ ಎಲ್ಲ ನಾರ್ಮಲ್" ಅಂತ ನಮ್ಮಪ್ಪನಿಗೂ ಹೇಳಿಯೇ ಮನೆಗೆ ಕಳಿಸಿದ್ದರು.

ನಮ್ಮದು ಗದಗ ಹತ್ತಿರದ ಹಳ್ಳಿ. ನ್ಯುಮೋನಿಯಾ ಬಂದು ಸೋಂಕು ರಕ್ತಕ್ಕೆ ಏರಿ, ಅಪ್ಪ ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ವೆಂಟಿಲೇಟರ್ ಮೇಲಿದ್ದರು. ಉಳಿದರಲ್ಲ, ಅದೇ ನಮಗೆ ದೊಡ್ಡದಾಗಿತ್ತು. ವಾರ್ಡಿಗೆ ತಂದ ಮೇಲೆ ಫಿಜಿಯೋಥೆರಪಿಯ ಹುಡುಗಿ ಬಂದು, ಮಲಗಿಸಿಕೊಂಡೇ ಭುಜ, ಮೊಣಕೈ, ಮಣಿಕಟ್ಟು, ತೊಡೆಸಂದು, ಮೊಣಕಾಲು, ಪಾದ ಎಲ್ಲವನ್ನೂ ಎರಡೂ ಕಡೆ ಒತ್ತಿ ನೋಡಿ ಅಂಕ ಹಾಕಿದಳು. ಇದಕ್ಕೆ ಎಂಆರ್‌ಸಿ ಸ್ಕೋರ್ ಅಂತಾರೆ. 12 ಕಡೆ, ಒಂದೊಂದಕ್ಕೆ 5, ಒಟ್ಟು 60. 48ಕ್ಕಿಂತ ಕಡಿಮೆ ಬಂದರೆ ಐಸಿಯುನಲ್ಲಿ ಹತ್ತಿದ ನಿತ್ರಾಣ ಎಂದು ಲೆಕ್ಕ. ಅಪ್ಪನಿಗೆ 50 ಬಂತು. ರೌಂಡ್ಸಿಗೆ ಬಂದ ಡಾಕ್ಟರು "ಹೆಂಗದೀರ್ರಿ ಯಜಮಾನ್ರ?" ಅಂದರು. "ಆರಾಮ ಅದೀನ್ರಿ ಸಾಹೇಬ್ರ" ಅಂದರು ಅಪ್ಪ. ಡಿಸ್ಚಾರ್ಜ್ ಆಯಿತು. ಮಂಚದಿಂದ ವ್ಹೀಲ್‌ಚೇರಿಗೆ ಇಬ್ಬರು ಎತ್ತಿ ಕೂಡಿಸಿದರು, ವ್ಹೀಲ್‌ಚೇರಿನಿಂದ ಕಾರಿಗೂ ಹಾಗೆಯೇ. ಅವರು ತಾವಾಗಿ ಎದ್ದು ನಿಂತಿದ್ದನ್ನು ಡಾಕ್ಟರು ನೋಡಿರಲಿಲ್ಲ, ನರ್ಸು ನೋಡಿರಲಿಲ್ಲ, ನಾನೂ ನೋಡಿರಲಿಲ್ಲ.

ಎಲ್ಲ ಕೆಟ್ಟದ್ದು ಅಲ್ಲೇ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಆ 60ರಲ್ಲಿ ಅರ್ಧ ಅಂಕ ಕೈಗಳದ್ದು. ಅಪ್ಪನ 50ರಲ್ಲಿ ಕೈಗೆ 28, ಕಾಲಿಗೆ ಬರೀ 22. ಒಟ್ಟು ಮೊತ್ತ ನೋಡಿದವರಿಗೆ ಕಾಲಿನ ಸೋಲು ಕಾಣಲೇ ಇಲ್ಲ. ಇನ್ನೊಂದು, ಮಲಗಿದವರು ಕಾಲೆತ್ತಿದರೆ ಎತ್ತುವುದು ಕಾಲಿನ ಭಾರವನ್ನಷ್ಟೇ. ಕುರ್ಚಿಯಿಂದ ಏಳುವಾಗ ಅದೇ ತೊಡೆ ಇಡೀ ಮೈಯನ್ನು ಹೊರಬೇಕು. ಐಸಿಯುನಲ್ಲಿ ಜೋರಾಗಿ ಕರಗುವುದೂ ಆ ತೊಡೆಯೇ. 2013ರಲ್ಲಿ ಪ್ರಕಟವಾದ ಲಂಡನ್ನಿನ ಒಂದು ಅಧ್ಯಯನದಲ್ಲಿ, ಹತ್ತೇ ದಿನದೊಳಗೆ ತೊಡೆಯ ಮುಂಭಾಗದ ಸ್ನಾಯುವಿನ ಗಾತ್ರ ಸುಮಾರು ಶೇ. 18ರಷ್ಟು ಇಳಿದಿತ್ತು. ರಕ್ತಪರೀಕ್ಷೆ, ಎಕ್ಸ್‌ರೇ ಇದನ್ನು ಹೇಳುವುದಿಲ್ಲ. ಕೂತಲ್ಲಿ ಆಕ್ಸಿಜನ್ 97 ತೋರಿಸಿದರೂ ನಡೆಯಲು ಆಗುತ್ತದೋ ಇಲ್ಲವೋ ಅದರಿಂದ ತಿಳಿಯದು.

ಮನೆಗೆ ಬಂದ ಮೇಲೆ ಒಂದು ದಿನ ನಸುಕಿನಲ್ಲಿ ಅಪ್ಪ ಯಾರನ್ನೂ ಎಬ್ಬಿಸದೆ, ಗೋಡೆ ಹಿಡಿದುಕೊಂಡು ಹಿತ್ತಲಿನ ಪಾಯಿಖಾನೆಗೆ ಹೋದರು. ಕುಕ್ಕರಗಾಲಲ್ಲಿ ಕೂತರು, ಏಳಲು ಆಗಲಿಲ್ಲ. ನಲ್ಲಿ ಹಿಡಿದು ಮೇಲೆ ಜಗ್ಗಿಕೊಳ್ಳಲು ಹೋಗಿ ಮಗ್ಗುಲಿಗೆ ಬಿದ್ದರು. ಸೊಂಟದ ಕೀಲಿನ ಎಲುಬು ಮುರಿಯಿತು. ಮತ್ತೆ ಆಸ್ಪತ್ರೆ, ಆಪರೇಷನ್, ಮತ್ತೆ ಹಾಸಿಗೆ. ಆ ಸಲದ ಹಿಂಗಾರು ಬಿತ್ತನೆಗೆ ಅವರು ಹೊಲದ ಮೋರೆ ನೋಡಲಿಲ್ಲ.

ಆದ್ದರಿಂದ "ಯಾವ ಸ್ಕ್ಯಾನ್" ಎಂಬ ಪ್ರಶ್ನೆಯನ್ನೇ ಸದ್ಯ ಬಿಡಿ. ಸ್ಟಾಪ್‌ವಾಚ್ ಹಿಡಿದು ನೋಡುವ ಒಬ್ಬ ಫಿಜಿಯೋಥೆರಪಿಸ್ಟ್ ಹುಡುಕಿ. ಬೆಂಗಳೂರೇ ಆಗಬೇಕೆಂದಿಲ್ಲ, ಧಾರವಾಡದ ಸತ್ತೂರಿನಲ್ಲಿ ಎಸ್‌ಡಿಎಂನವರ ಫಿಜಿಯೋಥೆರಪಿ ಕಾಲೇಜೇ ಇದೆ. ಕಾಲಿನ ಬಲ, ಸಮತೋಲ, ನಡಿಗೆ ಅಳೆಯುವ ಎಸ್‌ಪಿಪಿಬಿ ಎಂಬ ಪರೀಕ್ಷೆ ಮಾಡಿ ಎಂದು ಕೇಳಿ. ಪಾದಗಳನ್ನು ಜೋಡಿಸಿ, ಆಮೇಲೆ ಒಂದರ ಮುಂದೆ ಒಂದಿಟ್ಟು ನಿಲ್ಲುವುದು, ನಾಲ್ಕು ಮೀಟರ್ ನಡೆಯುವುದು, ಕೈ ಎದೆಗೆ ಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಏಳುವುದು, ಇಷ್ಟೇ. ಒಟ್ಟು 12 ಅಂಕ. ಐದು ಸಲ ಏಳಲು 15 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಬೀಳುವ ಭಯ ಇದೆ ಅಂತ ತಿಳಿಯಿರಿ. ಈಗ ಒಂದು ಸಲವೂ ಏಳಲು ಆಗದಿದ್ದರೆ ಅದನ್ನೇ ಬರೆಸಿಡಿ. ಮುಂದಿನ ವಾರ ಹೋಲಿಸಲು ಏನಾದರೂ ಬೇಕಲ್ಲ. ನಡೆಯುವಂತಾದ ಮೇಲೆ ಆರು ನಿಮಿಷದ ನಡಿಗೆ ಪರೀಕ್ಷೆ ಮಾಡಿಸಿ, ಬೆರಳಿಗೆ ಆಕ್ಸಿಮೀಟರ್ ಇರಲಿ.

ಈ ಪಟ್ಟಿಯಲ್ಲಿ ನಮ್ಮ ಮನೆಗಳಿಗೆ ಬೇಕಾದ್ದೇ ಇಲ್ಲ. ನೆಲಕ್ಕೆ ಕೂತು ಏಳುವುದು, ಕುಕ್ಕರಗಾಲಲ್ಲಿ ಕೂತು ಏಳುವುದು, ಹೊಸ್ತಿಲು ದಾಟುವುದು. ಇವನ್ನು ಬೇರೆಯಾಗಿ ಕೇಳಿ ಮಾಡಿಸಿ ನೋಡಿ. ಅಲ್ಲಿಯವರೆಗೆ ಕಮೋಡ್ ಕುರ್ಚಿ ತನ್ನಿ, ರಾತ್ರಿ ಒಬ್ಬರು ಪಕ್ಕದಲ್ಲೇ ಮಲಗಿ. "ಪಾಪ, ಮಲಗಲಿ ಬಿಡು" ಎನ್ನುವ ಬಂಧುಗಳ ಮಾತು ಮಾತ್ರ ಕೇಳಬೇಡಿ. ಮಲಗಿದಷ್ಟೂ ಕಾಲು ಸೋಲುತ್ತದೆ.

ಒಂದೇ ಕಡೆಯ ಕೈಕಾಲು ಸೋತಿದ್ದರೆ, ಮೂತ್ರದ ಹಿಡಿತ ತಪ್ಪಿದ್ದರೆ, ದಿನದಿಂದ ದಿನಕ್ಕೆ ಬಲ ಕುಗ್ಗುತ್ತಿದ್ದರೆ ತಡ ಮಾಡದೆ ಡಾಕ್ಟರ ಹತ್ತಿರ ಹೋಗಿ, ಆಗ ಸ್ಕ್ಯಾನ್ ಬೇಕೋ ಎಂದು ಅವರೇ ಹೇಳಲಿ. ಪಾದ ಜೋತುಬಿದ್ದು ನೆಲಕ್ಕೆ ಎಳೆಯುತ್ತಿದ್ದರೆ ಅದನ್ನೂ ತೋರಿಸಿ, ನರಗಳ ಪರೀಕ್ಷೆ ಬೇಕಾಗಬಹುದು.